ಮಾಲ್ಗುಡಿಗೆ ‘ದಿ’ ಬೇಡ

ಮಕ್ಕಳು ‘ದಿ ಮುಂಬಯಿ’ ಎಂದು ಬರೆದರೆ ಅಂಕ ಹೋಗುತ್ತದೆ. ‘ದಿ ಕಾವೇರಿ’ ಸರಿ. ವ್ಯಾಕರಣ ಪುಸ್ತಕ ಇಷ್ಟಕ್ಕೇ ನಿಲ್ಲುತ್ತದೆ. ಮುಂದಿನ ಪಾಠಕ್ಕೆ ಆರ್. ಕೆ. ನಾರಾಯಣರ ಶೀರ್ಷಿಕೆಗಳೇ ವಾಸಿ. 1961ರದು ‘ದಿ ಮ್ಯಾನ್‌ಈಟರ್ ಆಫ್ ಮಾಲ್ಗುಡಿ’. ಆ ನರಭಕ್ಷಕ ಹುಲಿಯಲ್ಲ, ವಾಸು ಎಂಬ ಮನುಷ್ಯ. ಊರಿಗೆಲ್ಲ ಅಂಥವನೊಬ್ಬನೇ, ಆದ್ದರಿಂದ ‘ದಿ’. 1983ರ ‘ಎ ಟೈಗರ್ ಫಾರ್ ಮಾಲ್ಗುಡಿ’ಯಲ್ಲಿ ನಿಜವಾದ ಹುಲಿಯೇ ಕಥೆ ಹೇಳುತ್ತದೆ, ಪಾಪ, ಅದಕ್ಕೆ ಬರೀ ‘ಎ’! ಮಾಲ್ಗುಡಿಗೆ ಎರಡರಲ್ಲೂ ಏನೂ ಇಲ್ಲ, ಹೆಸರಾದ್ದರಿಂದ.

‘ದಿ ಗೈಡ್’ (1958) ಇನ್ನೂ ಸೂಕ್ಷ್ಮ. ರೈಲ್ವೆ ನಿಲ್ದಾಣದ ರಾಜು ‘ಎ ಗೈಡ್’. ಹಳ್ಳಿಯವರು ಸ್ವಾಮಿಯೆಂದು ನಂಬಿದ ಮೇಲೆ ‘ದಿ’. ಕನ್ನಡದ ಬರಿಯ ‘ಗೈಡ್’ನಲ್ಲಿ ಇದು ಉಳಿಯದು. ನಮ್ಮಲ್ಲಿ ಉಪಾಯವಿಲ್ಲವೆಂದಲ್ಲ: ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎಂಬಲ್ಲಿ ‘ಅನ್ನು’ ಬಹುಮಟ್ಟಿಗೆ ಆ ಕೆಲಸವನ್ನೇ ಮಾಡುತ್ತದೆ. ಆದರೆ ಪ್ರಥಮಾ ವಿಭಕ್ತಿಯಲ್ಲಿ ನಿಂತ ಶೀರ್ಷಿಕೆಗೆ ಅದನ್ನು ಎಲ್ಲಿಂದ ತರುವುದು?