ಕಾಂಗ್ರೆಸ್ ಬನ್ನಿನ ರುಚಿ

ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕೈಗುಣ ತಿಳಿಯಬೇಕೆಂದರೆ ಕಾಂಗ್ರೆಸ್ ಬನ್ ತಿನ್ನಬೇಕು. ಸಿಹಿ ಬನ್ನನ್ನು ಅಡ್ಡ ಸೀಳಿ, ಧಾರಾಳವಾಗಿ ಬೆಣ್ಣೆ ಸವರಿ, ನಡುವೆ ಕಾಂಗ್ರೆಸ್ ಕಡಲೆಕಾಯಿ ತುಂಬಿದರೆ ಆಯಿತು. ಕೆಲಸವೆಲ್ಲ ಇರುವುದು ಆ ಕಡಲೆಕಾಯಿಯಲ್ಲೇ: ಹದವಾಗಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಬೇಳೆಯಾಗಿ ಒಡೆದು, ಮೆಣಸಿನ ಪುಡಿ, ಇಂಗು, ಅರಿಸಿನ, ಕರಿಬೇವಿನ ಒಗ್ಗರಣೆಯಲ್ಲಿ ಹೊರಳಿಸಬೇಕು. ವಿ.ವಿ. ಪುರದಲ್ಲಿ 1953ರಿಂದ ಇರುವ ವಿ.ಬಿ. ಬೇಕರಿಯ ಕಾಂಗ್ರೆಸ್ ಕಡಲೆಕಾಯಿಗೆ ಊರೆಲ್ಲ ಹೆಸರು.

ಬೆಣ್ಣೆ ಕಾಳು ಉದುರದಂತೆ ಹಿಡಿಯುತ್ತದೆ, ಖಾರವನ್ನೂ ತಣಿಸುತ್ತದೆ. ಮೊದಲು ಬನ್ನಿನ ಮೆತ್ತನೆಯ ಸಿಹಿ, ಆಮೇಲೆ ಕುರುಕುರು ಕಡಲೆ, ಕೊನೆಗೆ ಗಂಟಲಲ್ಲಿ ಖಾರದ ಚುರುಕು. ಬೇಕರಿ ಮುಂದೆ ನಿಂತೇ ತಿನ್ನುವ ಈ ತಿಂಡಿ ಯಾವ ದುಬಾರಿ ಸ್ಯಾಂಡ್‌ವಿಚ್‌ಗೂ ಕಡಿಮೆಯಿಲ್ಲ. ಬೆಂಗಳೂರಿಗೆ ಬಂದ ನೆಂಟರಿಗೆ ನಾನು ಮೊದಲು ಕೊಡಿಸುವುದು ಇದನ್ನೇ.