ಬಾಲಕ್ಕೂ ಬಾಡಿಗೆ

ಅಮೆರಿಕದ ದಕ್ಷಿಣ ಕರಾವಳಿಯ ಚಾರ್ಲ್ಸ್‌ಟನ್, ನಾಯಿ ಸಾಕಿದವರಿಗೆಂದೇ ಹೇಳಿ ಮಾಡಿಸಿದ ಊರಿನಂತೆ ಕಾಣುತ್ತದೆ. ಆಶ್ಲಿ ಮತ್ತು ಕೂಪರ್ ನದಿಗಳ ನಡುವೆ ನಾಲಿಗೆಯಂತೆ ಚಾಚಿದ ನೆಲ, ಸುತ್ತ ಉಪ್ಪುನೀರಿನ ಜೌಗು, ಸ್ವಲ್ಪ ದೂರದಲ್ಲೇ ಫಾಲಿ ಬೀಚ್. ಹಳೆಯ ಊರಿನ ‘ಸಿಂಗಲ್ ಹೌಸ್’ ಮನೆಗಳು ಒಂದೇ ಕೋಣೆಯಷ್ಟು ಅಗಲ. ಕಿರಿದಾದ ಬದಿಯನ್ನು ಬೀದಿಗೆ ಕೊಟ್ಟು, ಕಡಲ ಗಾಳಿ ಹಿಡಿಯಲೆಂದು ಪಕ್ಕದುದ್ದಕ್ಕೂ ಜಗಲಿ ಬಿಟ್ಟುಕೊಂಡು ನಿಂತಿವೆ. ಈ ಜಗಲಿಗೆ ಅಲ್ಲಿನವರು ‘ಪಿಯಾಜಾ’ ಎನ್ನುತ್ತಾರೆ. ಮಧ್ಯಾಹ್ನದ ಧಗೆಯಲ್ಲಿ ನಾಯಿಯೊಂದು ಹೊಟ್ಟೆ ನೆಲಕ್ಕೊತ್ತಿ ಮಲಗಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಆದರೆ ಆ ನಾಯಿಯ ಜೊತೆ ಬಾಡಿಗೆ ಮನೆ ಹುಡುಕುತ್ತ ಹೊರಟವರಿಗೆ ಎದುರಾಗುವ ಚಾರ್ಲ್ಸ್‌ಟನ್ ಬೇರೆಯೇ.

ಜಾಹೀರಾತುಗಳಿಗೇನೂ ಬರವಿಲ್ಲ. ವೆಸ್ಟ್ ಆಶ್ಲಿ, ಮೌಂಟ್ ಪ್ಲೆಸೆಂಟ್, ಜೇಮ್ಸ್ ಐಲ್ಯಾಂಡ್, ಎಲ್ಲಿ ನೋಡಿದರೂ ‘ಪೆಟ್ ಫ್ರೆಂಡ್ಲಿ’ ಎಂಬ ಮಾತು ಇದ್ದೇ ಇರುತ್ತದೆ. ಕರಾರುಪತ್ರದ ಕೊನೆಯ ಪುಟಗಳಿಗೆ ಹೋದಾಗಲೇ ಆ ಮಾತಿನ ಬೆಲೆ ತಿಳಿಯುವುದು. ಅಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕಗಳಿರುತ್ತವೆ. ಮನೆ ಹೊಕ್ಕುವಾಗ ಒಮ್ಮೆ ಕಟ್ಟುವ ಪೆಟ್ ಫೀ ಒಂದು, ತಿಂಗಳು ತಿಂಗಳು ಕಟ್ಟುವ ಪೆಟ್ ರೆಂಟ್ ಇನ್ನೊಂದು. ಫೀ 300 ಡಾಲರ್, ತಿಂಗಳಿಗೆ 35 ಡಾಲರ್ ಎಂದಿಟ್ಟುಕೊಂಡರೂ ಮೂರು ವರ್ಷಕ್ಕೆ 1,560 ಡಾಲರ್ ಆಯಿತು. ಬೆಂಗಳೂರಿನ ಅಡ್ವಾನ್ಸಿನ ಹಾಗೆ ಮನೆ ಬಿಡುವಾಗ ಕೈಗೆ ಬರುವ ದುಡ್ಡಲ್ಲ ಇದು. ನಾಯಿ ಒಂದು ಗೀರೂ ಬೀಳಿಸದೆ ಮೂರು ವರ್ಷ ಬಾಳಿದರೂ ಹೋದದ್ದು ಹೋದಂತೆಯೇ.

ಈ ಪದ್ಧತಿಯ ಮೂಲದೋಷ ಇಲ್ಲೇ ಇದೆ. ಹಾನಿಯಾದರೆ ತುಂಬಿಕೊಳ್ಳಲು ಠೇವಣಿ ಇಟ್ಟುಕೊಳ್ಳುವುದು ನ್ಯಾಯ, ಅದನ್ನು ಯಾರೂ ಆಕ್ಷೇಪಿಸುವುದಿಲ್ಲ. ಚಾರ್ಲ್ಸ್‌ಟನ್ ಇರುವ ಸೌತ್ ಕೆರೊಲಿನಾ ರಾಜ್ಯದ ಕಾನೂನಿನಲ್ಲಿ ಠೇವಣಿಗೆ ಮೇಲ್ಮಿತಿಯೂ ಇಲ್ಲ. ಹಾಗಿರುವಾಗ ಮಾಲೀಕ ತನಗೆ ಬೇಕಾದಷ್ಟು ಠೇವಣಿ ಪಡೆದು, ಹಾನಿಯಾದಷ್ಟನ್ನು ಮುರಿದುಕೊಂಡು, ಉಳಿದದ್ದನ್ನು ಹಿಂದಿರುಗಿಸಬಹುದು. ಅದನ್ನು ಬಿಟ್ಟು ಮರಳಿ ಕೊಡಬೇಕಿಲ್ಲದ ಫೀ ಹೇರುವುದೆಂದರೆ, ಜೋಪಾನವಾಗಿ ನಾಯಿ ಸಾಕಿದವರನ್ನೂ ಬೇಜವಾಬ್ದಾರಿಯಿಂದ ಸಾಕಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಂತೆ. ಪಕ್ಕದ ನಾರ್ತ್ ಕೆರೊಲಿನಾದಲ್ಲಂತೂ ಸಾಕುಪ್ರಾಣಿಗಾಗಿ ಹಿಂದಿರುಗಿಸಬೇಕಿಲ್ಲದ ‘ಸಮಂಜಸ’ ಶುಲ್ಕ ಪಡೆಯಲು ಕಾನೂನೇ ಅನುಮತಿ ಕೊಟ್ಟಿದೆ. ಸಮಂಜಸವೆಂದರೆ ಎಷ್ಟು ಎಂಬ ಅಂಕಿ ಮಾತ್ರ ಅಲ್ಲಿಲ್ಲ.

ದುಡ್ಡು ಹೊಂದಿಸಿದರೂ ಮುಂದೆ ತೂಕದ ಗೆರೆ ಕಾದಿರುತ್ತದೆ. ಕೆಲವೆಡೆ 25 ಪೌಂಡ್, ಕೆಲವೆಡೆ 50. ಅಂದರೆ ಸುಮಾರು 11 ಕಿಲೋ, ಇಲ್ಲವೇ 23. ನಾಯಿ ಬಲ್ಲ ಯಾರಿಗೂ ಒಪ್ಪಿಗೆಯಾಗದ ಅಳತೆ ಇದು. ದೊಡ್ಡ ಮೈಯ ಗ್ರೇಹೌಂಡ್ ದಿನದ ಬಹುಪಾಲು ಸದ್ದಿಲ್ಲದೆ ಮಲಗಿರುತ್ತದೆ. ಅಂಗೈಯಗಲದ ಟೆರಿಯರ್ ಕೊರಿಯರ್ ಹುಡುಗನ ಹೆಜ್ಜೆ ಸಪ್ಪಳಕ್ಕೇ ಕಟ್ಟಡವನ್ನೆಲ್ಲ ಎಬ್ಬಿಸಬಲ್ಲದು. ಬೆಂಗಳೂರಿನಿಂದ ಮುಧೋಳ ನಾಯಿಯನ್ನು ಕರೆದೊಯ್ಯುವ ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಭಾರತವೂ ಇರುವುದರಿಂದ, 2024ರ ಆಗಸ್ಟಿನಿಂದ ಜಾರಿಯಾದ ಬಿಗಿ ನಿಯಮಗಳಂತೆ ಮೈಕ್ರೋಚಿಪ್, ಲಸಿಕೆ ಪತ್ರ, ರಕ್ತಪರೀಕ್ಷೆ ಎಲ್ಲ ಮುಗಿಸಿರಬೇಕು. ಒಂದು ದೇಶದ ಗಡಿಯನ್ನೇ ದಾಟಿ ಬಂದ ನಾಯಿ ಕೊನೆಗೆ ಅಪಾರ್ಟ್‌ಮೆಂಟಿನ ತೂಕದ ಮಿತಿಯೆದುರು ನಿಲ್ಲುತ್ತದೆ, ಏಕೆಂದರೆ ಬೆಳೆದ ಮುಧೋಳ ಸಾಮಾನ್ಯವಾಗಿ 20 ಕಿಲೋ ದಾಟುತ್ತದೆ.

ತಳಿಗಳ ಪಟ್ಟಿ ಇನ್ನೂ ಕಠೋರ. ಪಿಟ್ ಬುಲ್, ರಾಟ್‌ವೀಲರ್, ಡಾಬರ್‌ಮನ್, ಅಕಿಟಾ, ಎಷ್ಟೋ ಕಡೆ ಜರ್ಮನ್ ಶೆಫರ್ಡ್ ಕೂಡ ಹೊರಗೆ. ಮಿಶ್ರತಳಿಯ ನಾಯಿಯನ್ನು ಕಣ್ಣಳತೆಯಲ್ಲೇ ‘ಪಿಟ್ ಬುಲ್’ ಎಂದು ಬರೆದುಬಿಟ್ಟರೆ ಆ ಹಣೆಪಟ್ಟಿ ಕಳಚುವುದು ಕಷ್ಟ. ಇದನ್ನು ಬದಲಿಸಲಾಗದು ಎಂದೇನಿಲ್ಲ. ಇನ್ನೊಂದು ದಕ್ಷಿಣದ ಕಡಲೂರಾದ ಮಯಾಮಿ ಸೇರಿದ ಮಯಾಮಿ-ಡೇಡ್ ಕೌಂಟಿ 1989ರಲ್ಲಿ ಪಿಟ್ ಬುಲ್ ಸಾಕುವುದನ್ನೇ ನಿಷೇಧಿಸಿತ್ತು. 2023ರಲ್ಲಿ ಫ್ಲೋರಿಡಾ ರಾಜ್ಯದ ಕಾನೂನು ಬಂದು ಆ ನಿಷೇಧ ಬಿದ್ದುಹೋಯಿತು. ಖಾಸಗಿ ಮಾಲೀಕರ ಪಟ್ಟಿಗಳು ಮಾತ್ರ ಹಾಗೇ ಉಳಿದಿವೆ.

ಮಾಲೀಕರ ಮಾತನ್ನೂ ಕೇಳಬೇಕು. ಹಳೆಯ ಮನೆಗಳ ಹಾರ್ಟ್ ಪೈನ್ ಹಲಗೆಯ ನೆಲಕ್ಕೆ ಉಗುರಿನ ಗೀರು ಬಿದ್ದರೆ ಉಜ್ಜಿ ಮೆರುಗು ಕೊಡಬೇಕು, ಮೂತ್ರ ಒಳಗಿಳಿದರೆ ಹಲಗೆಯನ್ನೇ ಕೀಳಬೇಕು. ನಾಯಿ ಯಾರನ್ನಾದರೂ ಕಚ್ಚಿದರೆ ವಿಮೆಯವರ ಪ್ರಶ್ನೆಗೆ ಉತ್ತರಿಸಬೇಕಾದವರು ಅವರೇ. ತಳಿಪಟ್ಟಿ ಎಷ್ಟೋ ಸಲ ಬರುವುದೂ ವಿಮೆಯ ಷರತ್ತಿನಿಂದಲೇ. ಈ ಭಯಗಳು ಸುಳ್ಳಲ್ಲ. ಆದರೆ ಅವುಗಳಿಗೆ ಮದ್ದು ನಾಯಿಯನ್ನು ಕಣ್ಣಾರೆ ನೋಡುವುದು, ಹಿಂದಿನ ಮಾಲೀಕರ ಪತ್ರ ಕೇಳುವುದು, ಬಾಡಿಗೆದಾರರಿಂದ ಹೊಣೆಗಾರಿಕೆಯ ವಿಮೆ ಮಾಡಿಸುವುದು. ತಿಂಗಳ 35 ಡಾಲರಿನಿಂದ ಯಾವ ನಾಯಿಯೂ ಕಚ್ಚುವುದನ್ನು ಬಿಡುವುದಿಲ್ಲ.

ಕಡಲೂರಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದು ಚಂಡಮಾರುತ. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೊ ಅಪ್ಪಳಿಸಿದ ಊರು ಇದು. 2019ರಲ್ಲಿ ಡೋರಿಯನ್ ಬರುವಾಗ ರಾಜ್ಯದ ರಾಜಧಾನಿ ಕೊಲಂಬಿಯಾದತ್ತ ಹೋಗುವ ಹೆದ್ದಾರಿಯ ಎಲ್ಲ ಪಥಗಳನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಜನರನ್ನು ಸಾಗಿಸಲಾಯಿತು. 2005ರಲ್ಲಿ ಕತ್ರಿನಾ ನ್ಯೂ ಆರ್ಲಿನ್ಸನ್ನು ಮುಳುಗಿಸಿದಾಗ ಅದೆಷ್ಟೋ ಮಂದಿ ಸಾಕಿದ ಜೀವವನ್ನು ಬಿಟ್ಟು ಬರಲೊಲ್ಲದೆ ಮನೆಯಲ್ಲೇ ಉಳಿದರು. ಸೂಪರ್‌ಡೋಮ್ ಕ್ರೀಡಾಂಗಣದ ಆಶ್ರಯತಾಣದಿಂದ ಹೊರಟ ಬಸ್ಸಿನ ಬಾಗಿಲಲ್ಲಿ ಪುಟ್ಟ ಹುಡುಗನೊಬ್ಬನಿಂದ ಸ್ನೋಬಾಲ್ ಎಂಬ ನಾಯಿಯನ್ನು ಕಸಿದುಕೊಂಡ ಸುದ್ದಿ ದೇಶವನ್ನೇ ಕಲಕಿತು. ಮರುವರ್ಷ ಅಮೆರಿಕದ ಸಂಸತ್ತು ಕಾನೂನು ತಂದಿತು: ವಿಪತ್ತಿನ ತೆರವು ಯೋಜನೆಗಳಲ್ಲಿ ಸಾಕುಪ್ರಾಣಿಗಳಿರುವ ಮನೆಗಳ ಅಗತ್ಯಗಳನ್ನೂ ಸೇರಿಸಲೇಬೇಕು. ಬಿರುಗಾಳಿಯ ದಿನ ನಾಯಿ ಕುಟುಂಬದ ಸದಸ್ಯ ಎಂದು ಸರ್ಕಾರವೇ ಒಪ್ಪಿತು. ಬಿಸಿಲಿರುವ ಉಳಿದ ದಿನಗಳಲ್ಲಿ ಅದೇ ನಾಯಿ ಕರಾರುಪತ್ರದಲ್ಲಿ ಬರೀ ಒಂದು ಅಪಾಯ, ಒಂದು ಆದಾಯ.

ಇದರ ಪೆಟ್ಟು ಬೀಳುವುದು ಪ್ರಾಣಿಗಳ ಮೇಲೆ. ನಾಯಿಗಳು ಆಶ್ರಯಧಾಮ ಸೇರುವುದಕ್ಕೆ ಮುಖ್ಯ ಕಾರಣಗಳಲ್ಲಿ ಮನೆ ಸಿಗದಿರುವುದೂ ಒಂದು. ದಕ್ಷಿಣದ ತುಂಬಿತುಳುಕುವ ಆಶ್ರಯಧಾಮಗಳಿಂದ ವ್ಯಾನುಗಳಲ್ಲಿ ನಾಯಿಗಳನ್ನು ಉತ್ತರದ ರಾಜ್ಯಗಳಿಗೆ ಸಾಗಿಸುವುದು ವರ್ಷವಿಡೀ ನಡೆಯುತ್ತದೆ. ಚಾರ್ಲ್ಸ್‌ಟನ್ ಅನಿಮಲ್ ಸೊಸೈಟಿ 1874ರಷ್ಟು ಹಿಂದೆಯೇ ಹುಟ್ಟಿದ ಸಂಸ್ಥೆ. ಒಂದೂವರೆ ಶತಮಾನದ ಕರುಣೆಯ ಪರಂಪರೆಯುಳ್ಳ ಊರಿನಲ್ಲೂ ಒಂದು ಸಹಿಯ ಮುಂದೆ ಮನೆಮಂದಿ ನಾಯಿಯನ್ನು ಬಿಟ್ಟುಕೊಡಬೇಕಾಗಬಹುದು ಎನ್ನುವುದು ನೋಯಿಸುವ ಸಂಗತಿ.

ಹುಡುಕುವವರಿಗೆ ದಾರಿ ಇಲ್ಲದಿಲ್ಲ. ದೊಡ್ಡ ಕಂಪನಿಗಳ ಸಮುಚ್ಚಯಗಳಿಗಿಂತ ಒಂದೆರಡು ಮನೆಗಳ ಸ್ವಂತ ಮಾಲೀಕರ ಬಳಿ ಮಾತಿಗೆ ಅವಕಾಶ ಹೆಚ್ಚು. ಅಮೆರಿಕನ್ ಕೆನೆಲ್ ಕ್ಲಬ್ಬಿನ ‘ಕೆನೈನ್ ಗುಡ್ ಸಿಟಿಜನ್’ ಪ್ರಮಾಣಪತ್ರ, ಲಸಿಕೆಯ ದಾಖಲೆ, ಹಳೆಯ ಮನೆಯ ಫೋಟೋಗಳನ್ನು ಒಂದು ಫೈಲಿನಲ್ಲಿ ಕೊಂಡೊಯ್ದರೆ ಮಾತುಕತೆಯ ಧಾಟಿಯೇ ಬದಲಾಗಬಹುದು. ನೆಲಮಹಡಿಯ ಮನೆ ನಾಯಿಗೆ ಅನುಕೂಲವೆಂದು ಒಪ್ಪಿಕೊಳ್ಳುವ ಮುನ್ನ, ಭರತದ ದಿನ ಆ ಬೀದಿಗೆ ನೀರು ಬರುತ್ತದೆಯೇ ಎಂದು ನೆರೆಯವರನ್ನು ವಿಚಾರಿಸಬೇಕು. ಮಳೆಯಿಲ್ಲದ ದಿನವೂ ಇಲ್ಲಿನ ತಗ್ಗು ಬೀದಿಗಳಿಗೆ ಉಪ್ಪುನೀರು ನುಗ್ಗುತ್ತದೆ. ಕೊಳವಿರುವ ಸಮುಚ್ಚಯವಾದರೆ ಮೊಸಳೆಯ ಜಾತಿಯ ಅಲಿಗೇಟರ್ ಬಗ್ಗೆಯೂ ಕೇಳಬೇಕು. ಆಮೇಲೆ ಕರಾರಿನ ಕೊನೆಯ ಪುಟ ತೆರೆದು, ಫೀಯ ಬದಲು ಹಿಂದಿರುಗಿಸುವ ಠೇವಣಿ ಎಂದು ಬರೆದುಕೊಡಲು ಕೇಳಬೇಕು. ಒಪ್ಪುವ ಮಾಲೀಕರೂ ಇದ್ದಾರೆ. ನಾಯಿಯನ್ನು ಒಮ್ಮೆ ಕರೆತನ್ನಿ, ನೋಡೋಣ ಎನ್ನುವವರು ಸಾಮಾನ್ಯವಾಗಿ ಅವರೇ.