ಪ್ರತಿಗಳ ಎಣಿಕೆಯೂ ಪ್ರತಿಗಳ ಪ್ರತ್ಯೇಕತೆಯೂ: ಉದ್ಯಮಗಳ ದತ್ತಾಂಶ ಸಂಗ್ರಹಣ ವ್ಯವಸ್ಥೆಗಳ ತುಲನೆಯನ್ನು ಕುರಿತು

ಉದ್ಯಮಸಂಸ್ಥೆಗಳ ಲೆಕ್ಕಪತ್ರಗಳು, ಒಪ್ಪಂದಗಳು, ಗಿರಾಕಿಗಳ ವಿವರಗಳು, ಪತ್ರವ್ಯವಹಾರ—ಇವುಗಳಲ್ಲಿ ಬಹುಭಾಗ ಇಂದು ಕಾಗದದ ಮೇಲಿಲ್ಲ, ಕಂಪ್ಯೂಟರುಗಳ ಸಂಗ್ರಹಗಳಲ್ಲಿದೆ. ನಮ್ಮ ಕಾಲದ ಆರ್ಥಿಕ ಚರಿತ್ರೆಯನ್ನು ಮುಂದೆ ಬರೆಯುವವರಿಗೆ ಇವೇ ಮೂಲಾಧಾರಗಳಾಗಬೇಕು. ಆದಕಾರಣ ಇವನ್ನು ಯಾವ ವ್ಯವಸ್ಥೆಯಲ್ಲಿ ಇರಿಸಬೇಕೆಂಬುದು ಯಂತ್ರತಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ಚರಿತ್ರೆಯ ಅಭ್ಯಾಸಿಗಳು ಸುಮ್ಮನಿರಲಾಗದು. ಸಂಗ್ರಹಣ ವ್ಯವಸ್ಥೆಗಳನ್ನು ಒಂದರೊಡನೊಂದು ಹೋಲಿಸುವ ಪಟ್ಟಿಗಳು ಹೇರಳವಾಗಿವೆ. ಅವುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಣಗಳಿರುತ್ತವೆ: ಎಷ್ಟು ಹಿಡಿಸುತ್ತದೆ, ಎಷ್ಟು ಬೇಗ ಓದಿ ಬರೆಯುತ್ತದೆ, ಎಷ್ಟು ಬೆಲೆ, ಎಷ್ಟು ನಂಬಬಹುದು. ಮೊದಲಿನ ಮೂರನ್ನು ಕೊಳ್ಳುವವನೇ ಅಳೆದು ನೋಡಬಲ್ಲನು. ನಾಲ್ಕನೆಯದು ಹಾಗಲ್ಲ. ಈ ನಾಲ್ಕನೆಯ ಅಂಕಣವು ಏನನ್ನು ಆಧರಿಸಿದೆ, ಏನನ್ನು ಬಿಟ್ಟಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗ್ರಂಥಸಂಪಾದನಾ ಶಾಸ್ತ್ರದ ಒಂದು ಪ್ರಾಥಮಿಕ ನಿಯಮ ಇಲ್ಲಿ ನಮಗೆ ಒರೆಗಲ್ಲಾಗಬಹುದು. ಒಂದು ಗ್ರಂಥಕ್ಕೆ ಹತ್ತು ಓಲೆಪ್ರತಿಗಳು ದೊರೆತಿವೆಯೆಂದ ಮಾತ್ರಕ್ಕೆ ಅದರ ಪಾಠಕ್ಕೆ ಹತ್ತು ಸಾಕ್ಷಿಗಳು ದೊರೆತಂತಾಗುವುದಿಲ್ಲ. ಹತ್ತೂ ಒಂದೇ ಮಾತೃಕೆಯಿಂದ ಇಳಿದುವಾದರೆ ಅವು ಒಂದೇ ಸಾಕ್ಷಿ. ಪ್ರತಿಗಳನ್ನು ಎಣಿಸುವುದಕ್ಕೆ ಮೊದಲು ಅವುಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸಬೇಕು. ದತ್ತಾಂಶದ ವಿಷಯದಲ್ಲಿಯೂ ಇದೇ ಪ್ರಶ್ನೆ ಮುಖ್ಯವೆಂದು ನಮ್ಮ ಅಭಿಪ್ರಾಯ.

1

ಮೊದಲು ವ್ಯವಸ್ಥೆಗಳ ಪ್ರಭೇದಗಳನ್ನು ಸಂಗ್ರಹವಾಗಿ ಹೇಳಬಹುದು. ಸರ್ವರಿಗೇ ನೇರವಾಗಿ ಜೋಡಿಸಿದ ಡಿಸ್ಕುಗಳು ಒಂದು ಬಗೆ. ಪ್ರತ್ಯೇಕ ಜಾಲವೊಂದರ ಮೂಲಕ ಅನೇಕ ಸರ್ವರುಗಳಿಗೆ ಸ್ವಂತ ಡಿಸ್ಕಿನಂತೆಯೇ ಒದಗುವ ‘ಸ್ಯಾನ್’ ಎರಡನೆಯದು. ಬ್ಯಾಂಕಿನ ಖಾತೆಗಳಂತೆ ಕ್ಷಣಕ್ಷಣಕ್ಕೂ ಬದಲಾಗುವ ದತ್ತಾಂಶಕ್ಕೆ ಇದು ಒಪ್ಪುತ್ತದೆ. ಕಡತಗಳನ್ನು ಕಡತಗಳಾಗಿಯೇ ಹಲವರಿಗೆ ಹಂಚಿಕೊಡುವ ‘ನ್ಯಾಸ್’ ಮೂರನೆಯದು. ಪ್ರತಿಯೊಂದು ವಸ್ತುವಿಗೂ ಒಂದು ಹೆಸರು ಕೊಟ್ಟು ಇಡಿಯಾಗಿಯೇ ಇಟ್ಟು ಇಡಿಯಾಗಿಯೇ ತೆಗೆಯುವ ‘ಆಬ್ಜೆಕ್ಟ್’ ಸಂಗ್ರಹ ನಾಲ್ಕನೆಯದು. 2006ರಲ್ಲಿ ಅಮೆಜಾನ್ ಸಂಸ್ಥೆಯು ಎಸ್3 ಎಂಬ ಹೆಸರಿನಲ್ಲಿ ಇದನ್ನು ಬಾಡಿಗೆಗೆ ಕೊಡಲಾರಂಭಿಸಿದ ಮೇಲೆ ಇದರ ಪ್ರಚಾರ ಹೆಚ್ಚಿತು. ಇವೆಲ್ಲಕ್ಕೂ ಹಿಂದಿನಿಂದ ಬಂದ ಆಯಸ್ಕಾಂತದ ಟೇಪು ಐದನೆಯದು. ಹೋಲಿಕೆಯ ಪಟ್ಟಿಗಳು ಇವನ್ನು ಪ್ರತಿಸ್ಪರ್ಧಿಗಳೆಂಬಂತೆ ಸಾಲಾಗಿ ನಿಲ್ಲಿಸುತ್ತವೆ. ವಸ್ತುತಃ ಇವುಗಳ ಕೆಲಸಗಳೇ ಬೇರೆ.

ನಮ್ಮ ನಾಡಿನ ಹಿಂದಿನ ವ್ಯವಹಾರದಲ್ಲಿ ಈ ವಿವೇಕವಿತ್ತು. ಇಂದು ಕಚೇರಿಯ ಫೈಲಿಗೆ ನಾವು ಬಳಸುವ ‘ಕಡತ’ ಎಂಬ ಶಬ್ದ ಮೊದಲು ಸೂಚಿಸುತ್ತಿದ್ದುದು ಕಪ್ಪು ಲೇಪ ಕೊಟ್ಟ, ಮಡಿಸಿಡುವ ಬಟ್ಟೆಯ ಪುಸ್ತಕವನ್ನು. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಕಾದಾಗ ಒರಸಿ ಮತ್ತೆ ಬರೆಯಬಹುದಾಗಿತ್ತು. ಭೂದಾನದ ಹಕ್ಕನ್ನಾದರೋ ಒರಸಲಾಗದ ತಾಮ್ರಪಟದಲ್ಲಿಯೋ ಕಲ್ಲಿನಲ್ಲಿಯೋ ಕೆತ್ತಿಸುತ್ತಿದ್ದರು. ಒರಸಬಹುದಾದುದು ನಿತ್ಯವ್ಯವಹಾರಕ್ಕೆ, ಒರಸಲಾಗದುದು ಸ್ಥಿರವಾದ ಹಕ್ಕಿಗೆ. ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದು ಅಸಂಗತ.

2

ನಾಲ್ಕನೆಯ ಅಂಕಣದ ಅಂಕಿಗಳ ಮೂಲವನ್ನು ಹುಡುಕಹೊರಟರೆ ನಾವು 1988ರಲ್ಲಿ ಪ್ರಕಟವಾದ ಒಂದು ಪ್ರಬಂಧವನ್ನು ತಲಪುತ್ತೇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಇವರು ಅದರಲ್ಲಿ ಒಂದು ದೊಡ್ಡ, ದುಬಾರಿ ಡಿಸ್ಕಿಗೆ ಬದಲಾಗಿ ಅನೇಕ ಚಿಕ್ಕ, ಅಗ್ಗದ ಡಿಸ್ಕುಗಳ ಸಾಲನ್ನು ಬಳಸಬಹುದೆಂದು ವಾದಿಸಿದರು. ‘ರೇಡ್’ ಎಂಬ ಹೆಸರು ಬಂದುದು ಅಲ್ಲಿಂದಲೇ. ವಾದದ ತೊಡಕನ್ನು ಅವರು ಮರೆಮಾಡಲಿಲ್ಲ. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುವುದಾದರೆ, ನೂರು ಡಿಸ್ಕುಗಳ ಸಾಲಿನಲ್ಲಿ ಯಾವುದಾದರೊಂದು 300 ಗಂಟೆಗಳಲ್ಲಿ, ಎಂದರೆ ಎರಡು ವಾರದೊಳಗೇ, ಕೆಡುತ್ತದೆ. ಆದುದರಿಂದ ಹೆಚ್ಚಿನ ಡಿಸ್ಕುಗಳಲ್ಲಿ ಪ್ರತಿಯನ್ನೋ ಸರಿನೋಡುವ ಮೊತ್ತವನ್ನೋ ಇರಿಸಿ, ಕೆಟ್ಟುದನ್ನು ಉಳಿದವುಗಳಿಂದ ಮತ್ತೆ ಕಟ್ಟಿಕೊಳ್ಳಬೇಕು. ಹೀಗೆ ಮಾಡಿದರೆ ಸಾಲಿನ ಆಯುಷ್ಯ ಬಹಳವಾಗಿ ಬೆಳೆಯುತ್ತದೆಂದು ಅವರು ಗಣಿತದಿಂದ ತೋರಿಸಿದರು.

ಆ ಗಣಿತಕ್ಕೆ ಒಂದು ಊಹೆ ಆಧಾರ: ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆ ಎಂಬುದು. ಲೇಖಕರು ಇದನ್ನು ಊಹೆಯೆಂದೇ ಹೇಳಿದ್ದಾರೆ. ಆದರೆ ಮುಂದೆ ಈ ವ್ಯವಸ್ಥೆಯನ್ನು ಮಾರಿದ ಉದ್ಯಮವು ಹೆಸರಿನಲ್ಲಿದ್ದ ‘ಅಗ್ಗದ’ ಎಂಬ ಪದವನ್ನು ಕೈಬಿಟ್ಟು ‘ಸ್ವತಂತ್ರ’ ಎಂಬ ಪದವನ್ನು ರೂಢಿಗೆ ತಂದಿತು. ಈ ಪಾಠಾಂತರ ಗಮನಾರ್ಹ. ಅಗ್ಗವೆಂಬ ಮಾತು ದುಬಾರಿ ಯಂತ್ರಗಳನ್ನು ಮಾರುವವರಿಗೆ ಹಿತವಾಗಿರಲಿಲ್ಲವೆಂಬುದು ಸಹಜವೇ. ಆದರೆ ಇದರಿಂದ, ಉದ್ದೇಶಿಸಿರಲಿ ಬಿಡಲಿ, ಊಹೆಯಾಗಿದ್ದುದೇ ಹೆಸರಿನ ಅಂಗವಾಯಿತು.

ಈ ಊಹೆಯನ್ನು ಪರೀಕ್ಷಿಸಿದವರಲ್ಲಿ ಮೂಲಲೇಖಕರಲ್ಲೊಬ್ಬರಾದ ಗಿಬ್ಸನ್ ಅವರೂ ಸೇರಿರುವುದು ವಿದ್ವತ್ತಿನ ಪ್ರಾಮಾಣಿಕತೆಗೆ ನಿದರ್ಶನ. 2007ರಲ್ಲಿ ಬಿಯಾಂಕಾ ಶ್ರೋಡರ್ ಅವರೊಡನೆ ಅವರು ಸುಮಾರು 1,00,000 ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿದರು. ತಯಾರಕರ ವಿವರಪತ್ರಗಳಲ್ಲಿ ಡಿಸ್ಕಿನ ಸರಾಸರಿ ಆಯುಷ್ಯ 10ರಿಂದ 15 ಲಕ್ಷ ಗಂಟೆ. ಅದರಂತೆ ವರ್ಷಕ್ಕೆ ಹೆಚ್ಚೆಂದರೆ ಶೇ. 0.88ರಷ್ಟು ಡಿಸ್ಕುಗಳು ಕೆಡಬೇಕು. ವಾಸ್ತವವಾಗಿ ಬದಲಾಯಿಸಬೇಕಾಗಿ ಬಂದವು ಸಾಮಾನ್ಯವಾಗಿ ಶೇ. 2ರಿಂದ 4, ಕೆಲವೆಡೆ ಶೇ. 13ರವರೆಗೆ. ಅದಕ್ಕಿಂತಲೂ ಮುಖ್ಯವಾದುದು, ಕೆಡುವಿಕೆಗಳು ಪರಸ್ಪರ ಸ್ವತಂತ್ರವಾಗಿರಲಿಲ್ಲವೆಂಬ ನಿರ್ಣಯ: ಒಂದು ಅವಧಿಯಲ್ಲಿ ಹೆಚ್ಚು ಕೆಟ್ಟರೆ ಮುಂದಿನ ಅವಧಿಯಲ್ಲಿಯೂ ಹೆಚ್ಚು ಕೆಡುವ ಸಂಭವವಿತ್ತು.

ಎಸ್3 ಸಂಗ್ರಹವನ್ನು ಶೇ. 99.999999999ರಷ್ಟು ಬಾಳಿಕೆಗಾಗಿ ರೂಪಿಸಲಾಗಿದೆಯೆಂದು ಅದರ ಒಡೆಯರು ಹೇಳುತ್ತಾರೆ. ಅವರದೇ ವಿವರಣೆಯಂತೆ, ಒಂದು ಕೋಟಿ ವಸ್ತುಗಳನ್ನಿಟ್ಟರೆ 10,000 ವರ್ಷಗಳಲ್ಲಿ ಒಂದು ನಷ್ಟವಾಗಬಹುದು. ಕನ್ನಡದ ಹಲ್ಮಿಡಿ ಶಾಸನಕ್ಕೇ ಇನ್ನೂ 1,600 ವರ್ಷ ತುಂಬಿಲ್ಲ. ಆ ಅಂಕಿ ಸುಳ್ಳೆಂದು ನಾವು ಹೇಳುವುದಿಲ್ಲ. ಅದು ರಚನೆಯ ಗುರಿಯೇ ಹೊರತು ಕಾಲದ ಸಾಕ್ಷ್ಯವಲ್ಲ. ಗಿರಾಕಿಯ ನೌಕರನೇ ತಪ್ಪಿ ಅಳಿಸಿದುದು ಆ ಲೆಕ್ಕಕ್ಕೆ ಸೇರುವುದೂ ಇಲ್ಲ.

3

ನಷ್ಟಗಳು ನಿಜವಾಗಿ ಹೇಗೆ ಒದಗಿದುವೆಂಬುದಕ್ಕೆ ನಾಲ್ಕು ಪ್ರಸಂಗಗಳನ್ನು ನೋಡಬಹುದು.

2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲಿನಲ್ಲಿ ಸಂಗ್ರಹಣದ ತಂತ್ರಾಂಶವನ್ನು ಬದಲಾಯಿಸಿದಾಗ ಒಂದು ದೋಷದಿಂದ ಕೆಲವರ ಪತ್ರಗಳು ಕಾಣೆಯಾದವು. ಪ್ರತಿಗಳು ಹಲವು ಕೇಂದ್ರಗಳಲ್ಲಿದ್ದುವು. ಆದರೆ ಎಲ್ಲವೂ ಒಂದೇ ತಂತ್ರಾಂಶದ ಅಧೀನ. ಪತ್ರಗಳನ್ನು ಮರಳಿ ತಂದುದು ಜಾಲದಿಂದ ಹೊರಗಿದ್ದ ಟೇಪು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಒಬ್ಬ ನೌಕರರು ಉಪಪ್ರತಿಯೆಂದು ಭಾವಿಸಿ ಮೂಲವನ್ನೇ ಅಳಿಸಿದರು. ನಿತ್ಯವೂ ತೆಗೆಯುತ್ತಿದ್ದೇವೆಂದು ನಂಬಿದ್ದ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ, ವಿಫಲವಾಗುತ್ತಲೇ ಇತ್ತು. ಇಡುವ ಸ್ಥಳ ಬರಿದಾಗಿತ್ತು. ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಇಲ್ಲಿ ಕೊರತೆ ಪ್ರತಿಗಳದಲ್ಲ, ಓದಿ ನೋಡುವ ಅಭ್ಯಾಸದ್ದು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾಯಿತು. ಬ್ಯಾಕಪ್ ಸೇವೆಗೆ ಹಣ ತೆತ್ತಿದ್ದ ಗಿರಾಕಿಯೊಬ್ಬರ ಮೂಲವೂ ಪ್ರತಿಯೂ ಒಂದೇ ಕಟ್ಟಡದಲ್ಲಿದ್ದು ಎರಡೂ ಹೋದವು. ಪ್ರತಿಯು ಭೌತಿಕವಾಗಿ ಪ್ರತ್ಯೇಕವಾಗಿರುವುದೆಂದು ಒಪ್ಪಂದದಲ್ಲಿತ್ತು. ಬೇರೆ ಯಂತ್ರದಲ್ಲಿದ್ದರೆ ಪ್ರತ್ಯೇಕವೇ, ಬೇರೆ ಕಟ್ಟಡದಲ್ಲಿರಬೇಕೇ? ಲೀಲ್ ನಗರದ ವಾಣಿಜ್ಯ ನ್ಯಾಯಾಲಯವು 2023ರಲ್ಲಿ ಎರಡನೆಯ ಅರ್ಥವನ್ನು ಎತ್ತಿಹಿಡಿಯಿತು. ಒಂದು ವಿಶೇಷಣದ ಅರ್ಥನಿರ್ಣಯದ ಮೇಲೆ ಒಂದು ಸಂಸ್ಥೆಯ ದಾಖಲೆಗಳ ಅಳಿವು ಉಳಿವು ನಿಂತಿತ್ತು. ಕೊನೆಯದಾಗಿ, 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬೆಂಕಿ ಎದ್ದು, ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ಜಿ-ಡ್ರೈವಿನ 858 ಟೆರಾಬೈಟ್ ದತ್ತಾಂಶ ನಾಶವಾಯಿತು. ಗಾತ್ರ ಬಹಳ ದೊಡ್ಡದೆಂಬ ಕಾರಣದಿಂದ ಹೊರಗೆ ಪ್ರತಿಯನ್ನೇ ಇಟ್ಟಿರಲಿಲ್ಲ. ಬಹಳಷ್ಟು ಹಿಡಿಸುತ್ತದೆಂಬ ಮೊದಲನೆಯ ಅಂಕಣದ ಗುಣವೇ ಇಲ್ಲಿ ನಾಲ್ಕನೆಯದಕ್ಕೆ ಮುಳುವಾಯಿತು.

ಒಂದೇ ತಂತ್ರಾಂಶ, ಒಂದೇ ಕೈ, ಒಂದೇ ಕಟ್ಟಡ: ಒಂದು ಡಿಸ್ಕಿನ ಆಯುಷ್ಯ ಎಷ್ಟೇ ದೀರ್ಘವಾಗಿದ್ದರೂ ಈ ನಷ್ಟಗಳನ್ನು ತಡೆಯುತ್ತಿರಲಿಲ್ಲ.

4

ಪ್ರತಿಗಳು ಹಂಚಿಕೊಳ್ಳುವ ಇನ್ನೊಂದು ಆಧಾರವೆಂದರೆ ಒಡೆತನ. ಎಲ್ಲ ಪ್ರತಿಗಳೂ ಒಬ್ಬನೇ ಬಾಡಿಗೆದಾರನೊಡನೆ ಮಾಡಿಕೊಂಡ ಒಂದೇ ಒಪ್ಪಂದದ ಮೇಲೆ ನಿಂತಿದ್ದರೆ, ಒಬ್ಬನೇ ಒಡೆಯನ ಇಚ್ಛೆಗೆ ಅವೆಲ್ಲವೂ ಅಧೀನ. ದತ್ತಾಂಶವನ್ನು ಒಳಗೆ ಕಳಿಸಲು ಶುಲ್ಕವಿಲ್ಲದೆ ಹೊರಗೆ ತರಲು ಶುಲ್ಕವಿರುವ ಪದ್ಧತಿ ಬಹುಕಾಲ ನಡೆದುಬಂದಿದೆ. 2024ರಲ್ಲಿ ಗೂಗಲ್, ಅಮೆಜಾನ್ ಸಂಸ್ಥೆಗಳು ತಮ್ಮನ್ನು ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಇದನ್ನು ಮನ್ನಾ ಮಾಡಿದವು. ಸೇವೆಯನ್ನು ಬದಲಾಯಿಸುವ ಶುಲ್ಕಗಳು 2027ರ ಜನವರಿ 12ರಿಂದ ಇರಕೂಡದೆಂದು ಯುರೋಪಿಯನ್ ಒಕ್ಕೂಟದ ದತ್ತಾಂಶ ಕಾಯಿದೆ ವಿಧಿಸಿದೆ. ಸ್ವಂತ ಟೇಪಿಗೂ ಒಂದು ಹಂಗಿದೆ: 2021ರಲ್ಲಿ ಬಂದ ಎಲ್‌ಟಿಓ-9 ಟೇಪು 18 ಟೆರಾಬೈಟ್ ಹಿಡಿಸುತ್ತದೆ; ಆದರೆ ಅದರ ಯಂತ್ರವು ಒಂದೇ ತಲೆಮಾರಿನಷ್ಟು ಹಿಂದಿನ ಟೇಪನ್ನು ಮಾತ್ರ ಓದಬಲ್ಲುದು. ಲಿಪಿ ಉಳಿದು ಓದುವವರು ಅಳಿದರೆ ಶಾಸನವಿದ್ದೂ ಇಲ್ಲದಂತೆ.

ಪ್ರತ್ಯೇಕತೆಗೆ ವೆಚ್ಚವುಂಟು, ಸಣ್ಣ ಸಂಸ್ಥೆಗೆ ಅದು ಭಾರವೆಂಬ ಆಕ್ಷೇಪಕ್ಕೆ ಬೆಲೆ ಕೊಡಲೇಬೇಕು. ಆದರೆ ಎಲ್ಲವನ್ನೂ ತಾಮ್ರಪಟಕ್ಕೆ ಏರಿಸಬೇಕೆಂದು ನಾವು ಹೇಳುತ್ತಿಲ್ಲ. ಯಾವುದು ಕಡತಕ್ಕೆ, ಯಾವುದು ತಾಮ್ರಪಟಕ್ಕೆ ಎಂಬ ವಿಂಗಡಣೆಯೇ ಮೊದಲ ಮಿತವ್ಯಯ.

ಆದುದರಿಂದ ಸಂಗ್ರಹಣ ವ್ಯವಸ್ಥೆಗಳ ತುಲನೆಯಲ್ಲಿ ನಾಲ್ಕನೆಯ ಅಂಕಣದ ಒಂದೇ ಅಂಕಿಗೆ ಬದಲಾಗಿ ಈ ಪ್ರಶ್ನೆಗಳಿಗೆ ಉತ್ತರವಿರಬೇಕು: ಪ್ರತಿಗಳು ಏನೇನನ್ನು ಹಂಚಿಕೊಂಡಿವೆ, ಒಂದೇ ಕೈ ಅವೆಲ್ಲವನ್ನೂ ಅಳಿಸಬಲ್ಲುದೇ, ಕಡೆಯ ಸಲ ಒಂದು ಪ್ರತಿಯಿಂದ ಪೂರ್ತಿಯಾಗಿ ಮರಳಿ ಪಡೆದು ನೋಡಿದುದು ಯಾವಾಗ, ಹೊರಬರುವುದಕ್ಕೆ ತಗಲುವ ಕಾಲವೂ ಹಣವೂ ಎಷ್ಟು. ಕಾಲೇಜುಗಳೂ ವಿಶ್ವವಿದ್ಯಾನಿಲಯಗಳೂ ತಮ್ಮ ದಾಖಲೆಗಳನ್ನು ಇದೇ ಬಗೆಯ ಸಂಗ್ರಹಗಳಿಗೆ ಒಪ್ಪಿಸುತ್ತಿರುವುದರಿಂದ, ಈ ಪ್ರಶ್ನೆಗಳನ್ನು ಕೇಳುವ ಹೊಣೆ ಅಧ್ಯಾಪಕವರ್ಗದ ಮೇಲೂ ಇದೆ.